ಮರ ಇಳಿಯದ ಕೊಗ್ಗ

ನಮ್ಮ ತೋಟದ ತೆಂಗಿನಮರ ಹತ್ತುವ ಕೊಗ್ಗ ವರ್ಷಕ್ಕೆ ಆರು ತಿಂಗಳು ಒಮಾನಿನ ಖರ್ಜೂರದ ತೋಟದಲ್ಲಿ ದುಡಿದು ಊರಿಗೆ ಮರಳುತ್ತಾನೆ. ಈ ಸಲ ಅಲ್ಲಿಗೆ ಹೋಗಲು ಪರ್ಮಿಟ್ ಕೊಡುವ ಸಾಹೇಬರು ಗುಡುಗಿದರು: "ಇದೇ ಕೊನೆ! ವಾಪಸು ಬಂದ ಮೇಲೆ ಮತ್ತೆ ಹೋಗುವಂತಿಲ್ಲ. ಸಲುಗೆ ಕೊಟ್ಟರೆ ನೀವೆಲ್ಲ ಅಲ್ಲೇ ಠಿಕಾಣಿ ಹೂಡುತ್ತೀರಿ."

ಕೊಗ್ಗ ಹೊರಗೆ ಬಂದು ಕಚೇರಿ ಅಂಗಳದ ತೆಂಗಿನಮರ ಹತ್ತಿ ಕುಳಿತ.

"ಏಯ್, ಇಳಿ!"

"ಇಳಿದರೆ ಮತ್ತೆ ಹತ್ತಲು ಬಿಡುತ್ತೀರಾ, ಸ್ವಾಮಿ?"

"ಖಂಡಿತ ಇಲ್ಲ!"

"ಹಾಗಾದರೆ ಯಾಕೆ ಇಳಿಯಲಿ? ಇಲ್ಲಿ ಬೊಂಡಕ್ಕೇನು ಬರವೇ?" ಎಂದು ಸೊಂಟದ ಕತ್ತಿಯಿಂದ ಬೊಂಡ ಕೆತ್ತಿ ಎಳನೀರು ಕುಡಿಯತೊಡಗಿದ.

ನೆರೆದ ಜನ ನಕ್ಕರು. ಸಾಹೇಬರು ಬೆವರಿದರು.

"ಇಳಿ ಮಾರಾಯ! ಬೇಕಾದಾಗ ಹತ್ತು!"

ಕೊಗ್ಗ ಸರಸರನೆ ಇಳಿದ. "ನೋಡಿ, ಮತ್ತೆ ಹತ್ತಬಹುದು ಅಂದಿರಿ, ಇಳಿದುಬಿಟ್ಟೆ. ಒಮಾನಿನಿಂದಲೂ ಹೀಗೇ ಬರುತ್ತೇನೆ."

ಸಾಹೇಬರೂ ನಕ್ಕರು. ತಾವು ಹಾಕಿದ ಷರತ್ತನ್ನು ತಾವೇ ಹೊಡೆದುಹಾಕಿದರು.