ಕಂಬಳಿ ನೇಕಾರನ ಎದೆಯ ಸದ್ದು

“ಮೇಡಂ, ಹನುಮವ್ವನನ್ನು ಬುಧವಾರದವರೆಗೆ ಇಲ್ಲೇ ಇಟ್ಟುಕೊಂಡರೆ ತಪ್ಪೇನು?” ಎಂದು ಮಧುಕೇಶ ಕೇಳಿದ.

ಅವನು ವೈದ್ಯಕೀಯ ಓದು ಮುಗಿಸಿ, ಗ್ರಾಮೀಣ ತರಬೇತಿಗೆಂದು ಆ ತಾಲ್ಲೂಕು ಆಸ್ಪತ್ರೆಗೆ ಬಂದು ಎರಡು ತಿಂಗಳಾಗಿತ್ತು. ಅವನಿಗೆ ಕಲಿಸುತ್ತಿದ್ದವರು ಅಲ್ಲಿನ ಹಿರಿಯ ವೈದ್ಯೆ ನೀಲಾಂಬಿಕೆ. ಹನುಮವ್ವ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುತ್ತದೆಂದು ಆ ಬೆಳಿಗ್ಗೆ ದಾಖಲಾಗಿದ್ದಳು. ಅವಳ ಹೃದಯದ ಕವಾಟ ಕಿರಿದಾಗಿತ್ತು. ಅದರ ಸದ್ದನ್ನು ಮೊದಲು ಗುರುತಿಸಿದವನು ಮಧುಕೇಶ. ಆ ಹೆಮ್ಮೆ ಇನ್ನೂ ಅವನ ಮುಖದಿಂದ ಇಳಿದಿರಲಿಲ್ಲ. ಇವತ್ತೇ ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಕಳಿಸು ಎಂದು ನೀಲಾಂಬಿಕೆ ಚೀಟಿ ಬರೆದುಕೊಟ್ಟಿದ್ದರು. ಚೀಟಿ ಅವನ ಜೇಬಿನಲ್ಲೇ ಇತ್ತು.

“ಬುಧವಾರ ಕಾಲೇಜಿನಿಂದ ಮೂವತ್ತು ವಿದ್ಯಾರ್ಥಿಗಳು ಬರುತ್ತಾರೆ. ಇಷ್ಟು ಸ್ಪಷ್ಟವಾದ ಸದ್ದು ಅವರಿಗೆ ಮತ್ತೆಲ್ಲಿ ಸಿಗಬೇಕು? ಐದೇ ದಿನ ಮೇಡಂ. ಹನುಮವ್ವನೂ ಖುಷಿಯಿಂದ ಒಪ್ಪಿದ್ದಾಳೆ.”

ನೀಲಾಂಬಿಕೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಿಟ್ಟು ಬಂದರೆ ಅವರ ದನಿ ಏರುವುದಿಲ್ಲ, ಇಳಿಯುತ್ತದೆ. ಅದು ಮಧುಕೇಶನಿಗೆ ಇನ್ನೂ ಗೊತ್ತಿರಲಿಲ್ಲ. “ಕೂತುಕೋ” ಎಂದು ಅವರು ಕತೆ ಹೇಳಿದರು.

“ಒಂದು ಊರಿನಲ್ಲಿ ಒಬ್ಬ ಕಂಬಳಿ ನೇಕಾರನಿದ್ದ. ಅವನಿಗೂ ಇದೇ ಕಾಯಿಲೆ. ಆರೋಗ್ಯ ಶಿಬಿರಕ್ಕೆಂದು ಬಂದ ಒಬ್ಬ ಅಧ್ಯಾಪಕ ಅವನ ಎದೆಯ ಸದ್ದು ಕೇಳಿ ಹಿಗ್ಗಿದ. ಒಬ್ಬ ಮನುಷ್ಯನ ಎದೆ ಕೆಟ್ಟಿದೆ ಎಂದು ಹಿಗ್ಗಿದ. ಮರುವರ್ಷದಿಂದ ವರ್ಷಕ್ಕೊಂದು ದಿನ ತನ್ನ ವಿದ್ಯಾರ್ಥಿಗಳನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಅವನ ಮನೆಗೇ ಬರತೊಡಗಿದ.

“ಆ ದಿನ ನೇಕಾರ ಮಗ್ಗಕ್ಕೆ ಕೂರುತ್ತಿರಲಿಲ್ಲ. ಬೆಳಿಗ್ಗೆಯೇ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ತಾನೇ ನೇಯ್ದ ಕಂಬಳಿ ಹಾಸಿ ಕಾಯುತ್ತಿದ್ದ. ವಿದ್ಯಾರ್ಥಿಗಳು ಸಾಲಾಗಿ ಬಂದು ಅವನ ಎದೆಗೆ ಸ್ಟೆತಾಸ್ಕೋಪು ಇಡುತ್ತಿದ್ದರು. ಎಡ ಮಗ್ಗುಲಿಗೆ ಹೊರಳಬೇಕು, ಉಸಿರು ಪೂರ್ತಿ ಬಿಟ್ಟು ತಡೆದು ಹಿಡಿಯಬೇಕು, ಆಗ ಸದ್ದು ಚೆನ್ನಾಗಿ ಕೇಳುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಯಾರೂ ಹೇಳುವ ಮೊದಲೇ ಅವನು ಹೊರಳಿ ಉಸಿರು ಹಿಡಿಯುತ್ತಿದ್ದ. ಮೂವತ್ತು ಜನಕ್ಕೆ ಮೂವತ್ತು ಸಲ. ಮೊದಲೇ ಉಸಿರಿಗೆ ಕಷ್ಟಪಡುವ ಮನುಷ್ಯ ಅವನು.

“ಒಂದು ವರ್ಷ ವಿದ್ಯಾರ್ಥಿನಿಯೊಬ್ಬಳು, ‘ಸರ್, ಇವರಿಗೆ ಆಪರೇಷನ್ ಆಗಬೇಕಲ್ಲವೇ?’ ಎಂದಳು. ‘ಚಿಕಿತ್ಸೆ ನಿಮಗೆ ಮುಂದಿನ ವರ್ಷದ ಪಾಠ’ ಎಂದ ಅಧ್ಯಾಪಕ. ಹುಡುಗಿ ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ಮುಂದೆ ಸರಿದಳು. ಆ ಅಧ್ಯಾಪಕ ದೇವರಂಥ ಮನುಷ್ಯ ಎಂದು ಇವತ್ತಿಗೂ ಹೇಳುವವರಿದ್ದಾರೆ. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಆ ಹುಡುಗಿಯನ್ನು ನೆನೆದರೆ ಇನ್ನೂ ಹೆಚ್ಚು ಉರಿಯುತ್ತದೆ. ಆ ನೇಕಾರನ ಎದೆಯಿಂದ ಕಲಿತು ಪಾಸಾದವರು ಈಗ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಅವರಲ್ಲಿ ಒಬ್ಬರಿಗಾದರೂ ಅವನ ಹೆಸರು ಗೊತ್ತಿದೆಯೇ? ನನಗೂ ಗೊತ್ತಿಲ್ಲ.”

ಮಧುಕೇಶ ತಲೆ ಎತ್ತಿ ಅವರ ಮುಖ ನೋಡಿದ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಕತೆ ಎಲ್ಲಿಗೆ ಹೋಗುತ್ತದೆಂದು ಅವನಿಗೆ ಹೊಳೆಯಿತು. ಅಲ್ಲಿ ವರ್ಷಗಟ್ಟಲೆ, ಇಲ್ಲಿ ಐದೇ ದಿನ ಎಂದು ಉತ್ತರವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡ.

“ನೇಕಾರನಿಗೆ ಏದುಸಿರು ಹೆಚ್ಚಿತು. ಊರಿನ ಆಶಾ ಕಾರ್ಯಕರ್ತೆ ಮೂರು ಸಲ ಅವನ ಮನೆಗೆ ಹೋಗಿ, ದೊಡ್ಡ ಆಸ್ಪತ್ರೆಗೆ ನಡಿ, ನಾನೇ ಜೊತೆಗೆ ಬರುತ್ತೇನೆ ಎಂದಳು. ಅವನು ನಕ್ಕುಬಿಟ್ಟ. ‘ನನ್ನ ನೋಡಾಕ ಕಾಲೇಜಿನ ಬಸ್ಸ ಮನಿ ಮುಂದ ಬಂದು ನಿಂದರತೈತಿ. ಮೂವತ್ತು ಮಂದಿ ಡಾಕ್ಟ್ರು ಕೈ ಹಚ್ಚತಾರ. ಮತ್ತ ನಾ ಯಾಕ ಹೋಗ್ಲಿ?’ ಎಂದ.

“ಅವನು ಅದನ್ನೇ ಚಿಕಿತ್ಸೆ ಅಂದುಕೊಂಡಿದ್ದ. ಅಷ್ಟು ವರ್ಷಗಳಲ್ಲಿ ಅದು ಚಿಕಿತ್ಸೆಯಲ್ಲಪ್ಪಾ ಎಂದು ಒಬ್ಬರೂ ಅವನಿಗೆ ಹೇಳಿರಲಿಲ್ಲ.

“ಒಂದು ವರ್ಷ ಕಾಲೇಜಿನಲ್ಲಿ ಏನೋ ಮುಷ್ಕರ, ಬಸ್ಸು ಬರಲಿಲ್ಲ. ಅದರ ಮರುವರ್ಷ ಬಂದಾಗ ಬಾಗಿಲಲ್ಲಿ ನೇಕಾರನ ಹೆಂಡತಿ ಒಬ್ಬಳೇ ನಿಂತಿದ್ದಳು. ಅವನು ಸತ್ತು ನಾಲ್ಕು ತಿಂಗಳಾಗಿತ್ತು. ಅಧ್ಯಾಪಕ ತಲೆ ತಗ್ಗಿಸಿ ಬೈಗುಳಕ್ಕೆ ಸಿದ್ಧನಾದ. ಅವಳು ಬೈಯಲಿಲ್ಲ. ‘ಹೋದ ವರ್ಷ ಯಾಕ ಬರಲಿಲ್ರಿ ಸಾಹೇಬ್ರ?’ ಎಂದು ಕೇಳಿದಳು. ‘ನೀವು ಬಂದು ಒಂದ್ಸಲ ಎದಿಗೆ ಹಚ್ಚಿ ನೋಡಿ ಹೋಗಿದ್ರ ನಮ್ಮನಿಯವ್ರು ಉಳೀತಿದ್ರು.’”

ಮಧುಕೇಶ ಬಾಗಿಲಿನತ್ತ ತಿರುಗಿದ. ತೆರೆದ ಬಾಗಿಲಿನಾಚೆ ವಾರ್ಡು ಕಾಣುತ್ತಿತ್ತು. ಹನುಮವ್ವ ಎರಡು ದಿಂಬಿಗೆ ಒರಗಿ ಕೂತಿದ್ದಳು. ಅವನು ತನ್ನತ್ತ ನೋಡಿದ್ದು ಕಂಡು ಕೈ ಮುಗಿದಳು. ಬೆಳಿಗ್ಗೆ ತಾನು ಅವಳಿಗೆ ಹೇಳಿದ್ದು ಅವನಿಗೆ ನೆನಪಾಯಿತು. ಬುಧವಾರ ದೊಡ್ಡ ಕಾಲೇಜಿನಿಂದ ಮೂವತ್ತು ಜನ ಬಂದು ನಿನ್ನನ್ನು ನೋಡುತ್ತಾರೆ, ಅಲ್ಲಿಯವರೆಗೆ ಇರು ಎಂದಿದ್ದ. ‘ಅಷ್ಟು ಮಂದಿ ನನ್ನ ಸಲವಾಗಿ ಬರತಾರೇನ್ರಿ?’ ಎಂದು ಅವಳ ಕಣ್ಣು ತುಂಬಿ ಬಂದಿತ್ತು.

ನೀಲಾಂಬಿಕೆ ಕನ್ನಡಕ ಹಾಕಿಕೊಂಡರು.

“ಆ ತಾಯಿ ಒಪ್ಪಿದ್ದಾರೆ ಎಂದೆಯಲ್ಲ, ಯಾವುದಕ್ಕೆ ಒಪ್ಪಿದ್ದಾರೆ ಎಂದು ಹೋಗಿ ಕೇಳಿಕೊಂಡು ಬಾ.”