ಗೆರೆ ಸವೆದ ಹೆಬ್ಬೆರಳು

ದೊಡ್ಡಾಸ್ಪತ್ರೆಯ ಡಾಕ್ಟರ ಮೇಜಿನ ಮೇಲೆ ಹೆಬ್ಬೆಟ್ಟು ಓದುವ ಯಂತ್ರವೊಂದು ಕೂತಿತ್ತು. ಅದು ಗುರುತು ಹಿಡಿದರಷ್ಟೇ ರೋಗಿಯ ಹೆಸರು ಪರದೆಗೆ ಬರುತ್ತಿತ್ತು. ಹೆಸರು ಬಂದರಷ್ಟೇ ಚಿಕಿತ್ಸೆ.

ಒಂದು ಬೆಳಿಗ್ಗೆ ಬೀಡಿ ಕಟ್ಟುವ ಸಾರಮ್ಮ ಏದುಸಿರು ಬಿಡುತ್ತಾ ಬಂದಳು. ಮಗಳು ನಫೀಸಾ ಅವಳ ಹೆಬ್ಬೆರಳನ್ನು ಯಂತ್ರದ ಮೇಲೆ ಒತ್ತಿಸಿದಳು.

"ಇವಳು ಯಾರೋ ನನಗೆ ತಿಳಿಯದು," ಎಂದಿತು ಯಂತ್ರ.

"ಎಲೆ ಸುತ್ತಿ ಸುತ್ತಿ ಗೆರೆ ಸವೆದುಹೋಗಿದೆ ಸಾರ್. ಮೊದಲು ಅಮ್ಮನ್ನ ನೋಡಿ," ಎಂದು ನಫೀಸಾ ಬೇಡಿಕೊಂಡಳು.

"ಹೆಸರೇ ಬರದೆ ನಾನೇನಮ್ಮ ಮಾಡಲಿ? ಒರೆಸಿ ಇನ್ನೊಮ್ಮೆ ಒತ್ತಿಸು," ಎಂದರು ಡಾಕ್ಟರು, ಪರದೆಯಿಂದ ಕಣ್ಣು ತೆಗೆಯದೆ.

ಅವರ ಕೊರಳಲ್ಲಿ ನೇತಾಡುತ್ತಿದ್ದ ಸ್ಟೆತಸ್ಕೋಪು ಯಂತ್ರಕ್ಕೆ ಹೇಳಿತು: "ಅವಳ ಉಸಿರಾಟ ನನಗೆ ಇಲ್ಲಿಗೇ ಕೇಳುತ್ತಿದೆ. ನೀನು ಹೂಂ ಅನ್ನದೆ ನನ್ನನ್ನು ಕೊರಳಿಂದ ಇಳಿಸುವವರಿಲ್ಲ."

"ಉಸಿರು ಎಲ್ಲರಿಗೂ ಇರುತ್ತದೆ. ಅದರಿಂದ ಗುರುತು ಸಿಗುವುದಿಲ್ಲ."

ನಫೀಸಾ ದುಪಟ್ಟಾದಿಂದ ತಾಯಿಯ ಕೈ ಒರೆಸಿ, ಒಂದೊಂದೇ ಬೆರಳು ಒತ್ತಿಸುತ್ತಾ ಹೋದಳು. ಕೊನೆಯ ಬೆರಳು ಯಂತ್ರದ ಮೇಲಿದ್ದಾಗಲೇ ಸಾರಮ್ಮ ಕುಸಿದುಬಿದ್ದಳು. ಆಗ ಡಾಕ್ಟರು ಧಡಕ್ಕನೆ ಎದ್ದು ಸ್ಟೆತಸ್ಕೋಪನ್ನು ಅವಳ ಎದೆಗಿಟ್ಟರು. ಅದಕ್ಕೆ ಏನೂ ಕೇಳಿಸಲಿಲ್ಲ.

"ಕೊಂದೆಯಲ್ಲೋ!" ಎಂದು ಚೀರಿತು ಸ್ಟೆತಸ್ಕೋಪು.

"ಯಾರನ್ನು?" ಎಂದಿತು ಯಂತ್ರ. "ಅಂಥವರು ಯಾರೂ ಇಲ್ಲಿಗೆ ಬಂದೇ ಇಲ್ಲವಲ್ಲ."

ಡಾಕ್ಟರು ಪರದೆ ನೋಡಿದರು. ಅಲ್ಲಿಯೂ ಹಾಗೆಯೇ ಇತ್ತು.

ಸಾಲಿನಲ್ಲಿ ಹಿಂದೆ ನಿಂತಿದ್ದವನು ತನ್ನ ಹೆಬ್ಬೆರಳನ್ನು ಅಂಗಿಗೆ ಉಜ್ಜಿ ಉಜ್ಜಿ ಒರೆಸಿಕೊಳ್ಳತೊಡಗಿದ.