ನಮ್ಮ ಪಾಲಿಹೌಸಿನ ಹಳದಿ ಕ್ಯಾಪ್ಸಿಕಂ

ಮಾವನವರು ಸೊಪ್ಪು ಮಾರಿದ ರೈತಸಂತೆಯಲ್ಲೇ ನನ್ನ ಮಗಳು ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸಿನಲ್ಲಿ ಬೆಳೆದ ಹಳದಿ ಕ್ಯಾಪ್ಸಿಕಂ ಅನ್ನು ಈಗ ನಾವು ಮಾರುತ್ತೇವೆ. ಮೂರು ತಲೆಮಾರಿನಲ್ಲಿ ನಮ್ಮ ಮನೆತನವನ್ನು ಯಾರೂ ಬೆರಳು ಮಾಡಿ ತೋರಿಸಿದ್ದಿಲ್ಲ.

ಹೋದ ಭಾನುವಾರ ಸಂತೆಯ ಅಧ್ಯಕ್ಷ ಶಿವನಂಜಪ್ಪ ಬಂದು ಕೂಗಿದರು. "ಇದು ನೀವು ಬೆಳೆದದ್ದಲ್ಲ, ಮಂಡಿಯ ಮಾಲು. ಇಲ್ಲಿ ಸ್ವಂತ ಬೆಳೆ ಮಾತ್ರ ಮಾರಬೇಕು. ಈಗಲೇ ಜಾಗ ಖಾಲಿ ಮಾಡಿ!" ಅವರ ಬಾವಮೈದನಿಗೆ ನಮ್ಮ ಜಾಗದ ಮೇಲೆ ಕಣ್ಣು. ಗಿರಾಕಿಗಳೆಲ್ಲ ತಿರುಗಿ ನೋಡಿದರು.

ತಕ್ಕಡಿ ಹಿಡಿದಿದ್ದ ನಮ್ಮ ಆಳು ಮಾದಮ್ಮ ಕೈಮುಗಿದಳು. "ನಿಜ ಸ್ವಾಮಿ, ನಾವು ಬೆಳೆದದ್ದಲ್ಲ. ನಿಮ್ಮ ಬಾವಮೈದನ ತೋಟದಲ್ಲಿ ಕದ್ದದ್ದು."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಸುಳ್ಳಿ! ಅವನಿಗೆಲ್ಲಿದೆ ಪಾಲಿಹೌಸು? ಈ ಸುತ್ತಿನಲ್ಲಿ ಇದನ್ನು ಬೆಳೆಯುವವರು ನೀವೊಬ್ಬರೇ!" ಎಂದು ಅಧ್ಯಕ್ಷರು ಗುಡುಗಿದರು.

"ಇನ್ನೊಂದು ಸಲ ಹೇಳಿ ಸ್ವಾಮಿ, ಹಿಂದಿನವರಿಗೆ ಕೇಳಿಸಲಿಲ್ಲ," ಅಂದಳು ಮಾದಮ್ಮ.

ಸಂತೆಯೇ ನಕ್ಕಿತು. ಅಧ್ಯಕ್ಷರು ಹೊರಟುಹೋದರು.

ಅಷ್ಟು ಸಾಲದು. ಅವರು ನಮ್ಮ ಅಂಗಡಿಯ ಮುಂದೆ ನಿಂತು ಕ್ಷಮೆ ಕೇಳಬೇಕು.